ಊರ ಚರ್ಚೇ ಕೋಟೆ: ಪ್ರೇಜ್ಮೆರ್ ಗೋಡೆಗೂ ನಮ್ಮ ಹುಡೇವಿಗೂ ಏನು ಫರಕು?

ಕಲ್ಲುಪುಡಿ (ಪ್ರಶ್ನೆ)

ಬಾಗಲಕೋಟದಲ್ಲಿ ಆರ್ಕಿಟೆಕ್ಚರ್ ಓದೋ ನಾಲ್ಕು ಜನ ಸೇರಿ ಎರಡು ಮಾಡೆಲ್ ಮಾಡ್ತಿದ್ದೇವೆ. ಒಂದು ರೊಮೇನಿಯಾದ ಟ್ರಾನ್ಸಿಲ್ವೇನಿಯಾ ಸೀಮೆಯ ಪ್ರೇಜ್ಮೆರ್ ಅನ್ನೋ ಹಳ್ಳಿಯ ಕೋಟೆ ಚರ್ಚು. ಇನ್ನೊಂದು ನಮ್ಮ ಕಡೆಯ ಹಳ್ಳಿ: ಅಗಸಿ (ಊರ ಹೆಬ್ಬಾಗಿಲು), ಊರಗೋಡೆ, ನಡುವೆ ಹುಡೇವು (ಊರು ಕಾಯೋ ಎತ್ತರದ ಬುರುಜು). ಎರಡೂ 1:100ರಲ್ಲಿ, ಪಕ್ಕಪಕ್ಕ ಇಡೋದು.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇವೆ. ಪ್ರೇಜ್ಮೆರ್ ಗೋಡೆಯ ಒಳಮೈಗೆ ಅಂಟಿಕೊಂಡು ಇನ್ನೂರೆಪ್ಪತ್ತು ಕೋಣೆ ಇವೆ ಅಂತಾರೆ, ಅವು ಸೈನಿಕರಿಗಾ, ಊರವರಿಗಾ? ಗೋಡೆ 3 ಮೀಟರಿಗಿಂತ ದಪ್ಪ ಇದ್ದರೆ ಅದರಲ್ಲಿ ಗುಂಡು ಹಾರಿಸೋ ಕಂಡಿ ಹೇಗೆ ಕೊರೆಯೋದು? ಕೊನೆಗೆ ದೊಡ್ಡ ಪ್ರಶ್ನೆ: ಅಲ್ಲಿ ಚರ್ಚನ್ನೇ ಕೋಟೆ ಮಾಡಿಕೊಂಡರು, ನಮ್ಮ ಕಡೆ ಗುಡಿಯನ್ನ ಯಾಕೆ ಮಾಡಿಕೊಳ್ಳಲಿಲ್ಲ? ಗೈಡನ್ನ ಕೇಳಿದರೆ "ಅವರದು ಧರ್ಮ, ನಮ್ಮದು ಧರ್ಮ" ಅಂತಾರೆ. ಮಾಡೆಲ್ ಪಕ್ಕ ಅದನ್ನ ಬರೆದು ಅಂಟಿಸೋಕಾಗಲ್ಲ.

ಅಗಸಿ ಬಾಗಿಲು (ಉತ್ತರ)

ಮೊದಲು ಕೊನೆ ಪ್ರಶ್ನೆ ಹಿಡಿಯೋಣ. ಅದು ಬಿಡಿಸಿದರೆ ಉಳಿದೆರಡು ತಾವಾಗೇ ಬಿಡಿಸಿಕೊಳ್ತವೆ.

ಆ ಹಳ್ಳಿಗಳನ್ನ ಕಟ್ಟಿದವರು ಜರ್ಮನ್ ಮಾತಾಡೋ ವಲಸಿಗರು. 12ನೇ ಶತಮಾನದ ನಡುವೆ ಹಂಗೆರಿಯ ರಾಜ ಎರಡನೇ ಗೇಜಾ ತನ್ನ ರಾಜ್ಯದ ಪೂರ್ವದ ಗಡಿ ಕಾಯಲಿ, ಕಾಡು ಕಡಿದು ಬೇಸಾಯ ಮಾಡಲಿ ಅಂತ ಅವರನ್ನ ಕರೆಸಿದ. ಸ್ಯಾಕ್ಸನ್ನರು ಅಂತ ಹೆಸರು ಬಿತ್ತು. 1224ರಲ್ಲಿ ಎರಡನೇ ಆಂಡ್ರ್ಯೂ ಕೊಟ್ಟ ಸನ್ನದು ಅವರ ಬದುಕಿನ ಬುನಾದಿ: ತಮ್ಮ ನ್ಯಾಯಾಧಿಕಾರಿಯನ್ನ ತಾವೇ ಆರಿಸಬೇಕು, ಪಾದ್ರಿಯನ್ನೂ ತಾವೇ ಆರಿಸಬೇಕು, ರಾಜನಿಗೆ ವರ್ಷಕ್ಕೆ 500 ಬೆಳ್ಳಿ ಮಾರ್ಕು ಕೊಡಬೇಕು, ಕರೆದಾಗ ದಂಡಿಗೆ ಆಳು ಕಳಿಸಬೇಕು. ನಡುವೆ ಜಹಗೀರದಾರ ಇಲ್ಲ. (ಈ ಸನ್ನದು ಮೊದಲಿಗೆ ಸಿಬಿಯು ಸೀಮೆಯದು. ಪ್ರೇಜ್ಮೆರ್ ಇರೋ ಬ್ರಾಶೊವ್ ಸೀಮೆಗೆ ಇಂಥ ಹಕ್ಕು ಆಮೇಲೆ ಬಂತು.)

ಜಹಗೀರದಾರ ಇಲ್ಲ ಅಂದರೆ ವಾಡೆ (ಅವನ ಕೋಟೆಯಂಥ ದೊಡ್ಡಮನೆ) ಇಲ್ಲ, ವಾಡೆ ಇಲ್ಲ ಅಂದರೆ ದಾಳಿ ಬಂದಾಗ ಓಡಿಹೋಗೋಕೆ ಯಾರ ಕೋಟೆಯೂ ಇಲ್ಲ. 1241ರಲ್ಲಿ ಮಂಗೋಲರು ನುಗ್ಗಿದಾಗ ಇದು ಗೊತ್ತಾಯ್ತು. ಮನೆಗಳು ಕಟ್ಟಿಗೆಯವು, ಸುಟ್ಟುಹೋದವು. ಊರಲ್ಲಿ ಕಲ್ಲು ಗಚ್ಚಿನ ಕಟ್ಟಡ ಅಂತ ಇದ್ದದ್ದು ಒಂದೇ, ಚರ್ಚು. ಅದೂ ಊರ ನಡುವೆ, ಎಲ್ಲರ ಹಣದಲ್ಲಿ ಕಟ್ಟಿದ್ದು. 1395ರಿಂದ ಮುಂದೆ ತುರ್ಕರ ದಾಳಿ ಶುರು, 1421ರಲ್ಲಿ ಬ್ರಾಶೊವ್ ಊರೇ ಲೂಟಿ ಆಯ್ತು. ಹೊಸದಾಗಿ ಕೋಟೆ ಕಟ್ಟೋ ದುಡ್ಡಿಲ್ಲದ ರೈತರು ಇದ್ದ ಚರ್ಚಿಗೇ ಗೋಡೆ ಸುತ್ತಿದರು. ಲೆಕ್ಕ ಅಷ್ಟೇ, ದೇವಶಾಸ್ತ್ರ ಏನೂ ಇಲ್ಲ.

ಇದಕ್ಕೆ ಒಂದು ಅಪವಾದ ಇದೆ, ಅದೇ ನಿಯಮವನ್ನ ಗಟ್ಟಿ ಮಾಡುತ್ತೆ. ಕಿಲ್ನಿಕ್ ಅನ್ನೋ ಹಳ್ಳಿಯಲ್ಲಿ ಒಬ್ಬ ಸರದಾರನ ಗಢಿ, ಅಂದರೆ ಪುಟ್ಟ ಕೋಟೆ, ಇತ್ತು. 1430ರಲ್ಲಿ ಆ ಮನೆತನದವರು ಅದನ್ನ ಹಳ್ಳಿಯವರಿಗೆ ಮಾರಿದರು. ಊರವರು ಚರ್ಚಿಗೆ ಗೋಡೆ ಸುತ್ತೋ ಬದಲು ಸರದಾರನ ಗಢಿಯನ್ನೇ ಊರ ಕೋಟೆ ಮಾಡಿಕೊಂಡರು.

ನಮ್ಮ ಕಡೆ ಇದರ ತದ್ವಿರುದ್ಧ. ಇಲ್ಲಿ ನಾಡಗೌಡ, ದೇಸಾಯಿ, ದೇಶಪಾಂಡೆ ಅಂತ ಒಬ್ಬರು ಇದ್ದೇ ಇರ್ತಿದ್ದರು, ಅವರ ವಾಡೆಯೇ ಕೊನೆ ಆಸರೆ. ಸವದತ್ತಿ ನೋಡಿ: 18ನೇ ಶತಮಾನದಲ್ಲಿ ಶಿರಸಂಗಿ ದೇಸಾಯರು ಕಟ್ಟಿಸಿದ ಕೋಟೆ, ಎಂಟು ಕೊತ್ತಲ, ಒಳಗೆ ಕಾಡಸಿದ್ಧೇಶ್ವರ ಗುಡಿ. ಕೋಟೆ ದೇಸಾಯರದು, ದೇವರು ಅಲ್ಲಿ ಒಳಗಿನ ಒಕ್ಕಲು. ನಮ್ಮಲ್ಲಿ ಗುಡಿ ಕೋಟೆ ಆಗಲೇ ಇಲ್ಲ.

ಗಚ್ಚುಗಾರೆ

ಕಂಡಿಯ ಬಗ್ಗೆ ಹೇಳ್ತೀನಿ, ಮಾಡೆಲ್ ಮಾಡೋರು ಬಹಳ ಜನ ಎಡವೋದು ಇಲ್ಲೇ.

ಪ್ರೇಜ್ಮೆರ್ ಗೋಡೆ ಸುಮಾರು 12 ಮೀಟರ್ ಎತ್ತರ. 3 ಮೀಟರಿಗೂ ಮಿಕ್ಕಿದ ದಪ್ಪ ಇರೋದು ಬುಡದಲ್ಲಿ. ಕಂಡಿ ಇರೋದು ಮೇಲೆ, ಕಾವಲು ಓಣಿಯ ಮಟ್ಟದಲ್ಲಿ. ಅಲ್ಲಿ ಓಣಿಯೇ ಗೋಡೆಯ ದಪ್ಪದ ಬಹುಪಾಲು ತಿಂದುಬಿಟ್ಟಿರುತ್ತೆ, ಹೊರಗೆ ಉಳಿಯೋದು ತೆಳು ಪದರ. ನೀವು 3 ಮೀಟರ್ ಕಲ್ಲಿನ ತುಂಬಾ ಉದ್ದಕ್ಕೆ ಕಂಡಿ ಕೊರೆದರೆ ಏನಾಗುತ್ತೆ, ಲೆಕ್ಕ ಹಾಕಿ: ಹೊರಬಾಯಿ 15 ಸೆಂ.ಮೀ., ಕಣ್ಣು ಅಲ್ಲಿಂದ 3 ಮೀಟರ್ ಹಿಂದೆ. 30 ಮೀಟರ್ ದೂರದಲ್ಲಿ ಕಾಣೋದು ಒಂದೂವರೆ ಮೀಟರ್ ಅಗಲದ ಪಟ್ಟಿ. ಕುದುರೆ ಸವಾರ ಆ ಪಟ್ಟಿ ದಾಟೋಕೆ ಕಣ್ಣು ಮಿಟುಕಿಸೋವಷ್ಟು ಹೊತ್ತು ಸಾಕು. ಅದೇ ಗೋಡೆ 60 ಸೆಂ.ಮೀ. ಇದ್ದರೆ ಏಳೂವರೆ ಮೀಟರ್ ಕಾಣುತ್ತೆ. ಅದಕ್ಕೇ ಕಂಡಿಯ ಒಳಬಾಯಿ ಅಗಲ, ಹೊರಬಾಯಿ ಸೀಳು. ಒಳಗಿನವನು ಎಡಬಲಕ್ಕೆ ಸರಿದು ನೋಡಬೇಕು, ಹೊರಗಿನವನಿಗೆ ಗುರಿ ಸಿಗಬಾರದು. ಕೊಕ್ಕೆ ಇರೋ ಭಾರದ ಬಂದೂಕು ಬಂದ ಮೇಲೆ ಕಂಡಿಯೊಳಗೆ ಅಡ್ಡ ಒಂದು ತೊಲೆ ಕೂಡಿಸ್ತಿದ್ದರು. ಕೊಕ್ಕೆ ಆ ತೊಲೆಗೆ ಸಿಕ್ಕಿಸಿದರೆ ಒದೆತ ಹೆಗಲಿಗೆ ಬರಲ್ಲ, ತೊಲೆಗೆ ಹೋಗುತ್ತೆ. ಹಳೇ ಗೋಡೆಗಳಲ್ಲಿ ಕಂಡಿಯ ಎರಡೂ ಪಕ್ಕ ಎದುರುಬದುರು ಚೌಕದ ತೂತು ಕಂಡರೆ ಅದು ತೊಲೆ ಕೂತ ಜಾಗ.

1:100ರಲ್ಲಿ 15 ಸೆಂ.ಮೀ. ಅಂದರೆ ಒಂದೂವರೆ ಮಿಲಿಮೀಟರ್. ಒಳಗಿನ ಅಗಲ, ಹೊರಗಿನ ಸೀಳು ಯಾವುದೂ ಕಾಣಲ್ಲ. ಹಾಗಾಗಿ ಗೋಡೆಯ ಒಂದು ತುಂಡನ್ನ ಬೇರೆಯಾಗಿ 1:20ರಲ್ಲಿ ಸೀಳಿ ತೋರಿಸಿ: 60 ಸೆಂ.ಮೀ. ಎತ್ತರ, ಬುಡ 15 ಸೆಂ.ಮೀ.ಗಿಂತ ತುಸು ಜಾಸ್ತಿ. ಕೋಣೆ, ಓಣಿ, ಕಂಡಿ, ಮೇಲಿನ ಹಂಚಿನ ಮಾಡು ಎಲ್ಲ ಒಂದೇ ಸೀಳಿನಲ್ಲಿ ಬರುತ್ತೆ. ದೊಡ್ಡ ಮಾಡೆಲಿನಲ್ಲಿ ಕೋಣೆಗಳ ಮುಂದಿನ ಕಟ್ಟಿಗೆ ಏಣಿ, ಪಡಸಾಲೆ ಕಂಬಕ್ಕೆ ಊದಿನಕಡ್ಡಿ ಸಾಕು. ಮಸಾಲೆ ಕೆರೆದು ತೆಗೆದ ಮೇಲೆ ಹೆಚ್ಚು ಕಡಿಮೆ ಒಂದೂವರೆ ಮಿಲಿಮೀಟರ್ ದಪ್ಪ ಉಳಿಯುತ್ತೆ, 15 ಸೆಂ.ಮೀ. ಕಂಬಕ್ಕೆ ಸರಿಹೊಂದುತ್ತೆ. ಬಾಲ್ಸಾ ಕಟ್ಟಿಗೆ ತರಿಸಿ ದುಡ್ಡು ಸುಡಬೇಡಿ.

ಇನ್ನೊಂದು ಭಾಗ ಬಿಡಬಾರದು. ಗೋಡೆ ಬುಡಕ್ಕೆ ಬಂದು ನಿಂತವನನ್ನ ಕಂಡಿಯಿಂದ ಹೊಡೆಯೋಕಾಗಲ್ಲ, ಕೋನ ಸಿಗಲ್ಲ. ಅದಕ್ಕೆ ಮೇಲಿನ ಅಂತಸ್ತನ್ನ ಗೋಡೆಯಿಂದ ಹೊರಗೆ ಚಾಚಿ, ನೆಲದಲ್ಲಿ ಬಾಯಿ ಬಿಡ್ತಾರೆ. ನಮ್ಮಲ್ಲಿ ಇದಕ್ಕೆ ಎಲ್ಲರೂ ಒಪ್ಪೋ ಹೆಸರಿಲ್ಲ, ನಾನು ಸುರಿಗಂಡಿ ಅಂತೀನಿ. ವಿಜಯಪುರ ಕಡೆಯ ಕೋಟೆ ಬಾಗಿಲುಗಳ ನೆತ್ತಿ ಮೇಲೆ ಪೆಟ್ಟಿಗೆ ಥರ ಚಾಚಿಕೊಂಡಿರೋದೂ ಇದೇ ಕೆಲಸದ್ದು. ಟ್ರಾನ್ಸಿಲ್ವೇನಿಯಾದ ಜಾಣತನ ಏನಂದರೆ, ಗೋಥಿಕ್ (ಮಧ್ಯಕಾಲದ ಯುರೋಪಿನ ಚೂಪು ಕಮಾನಿನ ಶೈಲಿ) ಚರ್ಚಿಗೆ ಕಮಾನಿನ ಒತ್ತಡ ತಡೆಯೋಕೆ ಹೊರಗೆ ಒತ್ತುಗೋಡೆಗಳು ಹೇಗೂ ಬೇಕು. ಎರಡು ಒತ್ತುಗೋಡೆ ನಡುವೆ ಒಂದು ಕಮಾನು ಹಾಕಿ, ಅದರ ಮೇಲೆ ಕಾವಲು ಅಂತಸ್ತು ಕೂಡಿಸಿ, ಕಮಾನಿಗೂ ಮೂಲಗೋಡೆಗೂ ನಡುವೆ ಸಂದು ಬಿಟ್ಟರು. ಆ ಸಂದೇ ಸುರಿಗಂಡಿ. ಸಾಸ್ಕಿಜ್ ಚರ್ಚಿನಲ್ಲಿ ಇದು ಚೆನ್ನಾಗಿ ಕಾಣುತ್ತೆ. ಅಲ್ಲಿಂದ ಸುರೀತಿದ್ದದ್ದು ಕಲ್ಲು, ಕುದಿನೀರು, ರಾಳ. ಕಾದ ಎಣ್ಣೆ ಅನ್ನೋದು ಸಿನಿಮಾದವರ ಮಾತು, ಅಷ್ಟು ಎಣ್ಣೆ ಯಾವ ರೈತನ ಮನೆಯಲ್ಲಿತ್ತು?

ಪ್ರೇಜ್ಮೆರ್ ಬಾಗಿಲು ಮಾಡುವಾಗ ಗೋಡೆಗೆ ಬರೀ ತೂತು ಇಟ್ಟು ಕೈ ತೊಳೆದುಕೊಳ್ಳಬೇಡಿ. ಒಳಗೆ ಹೋಗೋದು ಸುಮಾರು 30 ಮೀಟರ್ ಉದ್ದದ ಕಮಾನಿನ ಸುರಂಗದ ಮೂಲಕ, ನಡುವೆ ಮೇಲಿಂದ ಇಳಿಬಿಡೋ ಹಲ್ಲುಬಾಗಿಲು. ನಿಮ್ಮ ಅಳತೆಗೆ ಅದು 30 ಸೆಂ.ಮೀ. ಆಗುತ್ತೆ, ಹಲಗೆ ಅಷ್ಟು ದೊಡ್ಡದಿರಲಿ. ಬಾಗಿಲಿಗೆ ಮಾತ್ರ ಮೊಳೆ ಹೊಡೆಯಬೇಡಿ. ದಪ್ಪ ಚೂಪು ಮೊಳೆ ನಮ್ಮ ಕೋಟೆಗಳಿಗೆ ಬಂದದ್ದು ಆನೆಯ ಹಣೆಗಾಗಿ. ಅಲ್ಲಿ ಆನೆ ಎಲ್ಲಿಂದ ಬರಬೇಕು.

ಕಲ್ಲುಪುಡಿ

1:20 ಸೀಳು ಒಳ್ಳೇ ಉಪಾಯ. ಕೋಣೆಗಳ ವಿಷಯ ಯಾರೂ ಮುಟ್ಟಲಿಲ್ಲ. ಮನುಷ್ಯರಿಗೋ, ಕಾಳಿಗೋ? ನಮ್ಮ ಹಳ್ಳಿ ಮಾಡೆಲಿನಲ್ಲಿ ಅದಕ್ಕೆ ಸಮನಾಗಿ ಏನು ತೋರಿಸಬೇಕು?

ಜ್ವಾಳದ ರಾಶಿ

ಎರಡಕ್ಕೂ ರೀ. ಮನಿಗೊಂದು ಖೋಲಿ, ಖೋಲಿಗೊಂದು ನಂಬರು, ಊರಾಗಿನ ಮನಿ ನಂಬರೇ ಅದಕ್ಕೂ. ಒಟ್ಟ 270ರ ಮ್ಯಾಲ ಖೋಲಿ, ಮೂರು ನಾಕು ಅಂತಸ್ತಿನಾಗ. ಸುಕಾಲ ಇದ್ದಾಗ ಕಾಳುಕಡಿ, ಒಣಗಿಸಿದ ಮಾಂಸ. ದಾಳಿ ಬಂದಾಗ ಹೆಣ್ಣು ಮಕ್ಕಳು ಮುದುಕರು ಸೇರಿ ಸಂಸಾರನ ಅಲ್ಲಿ. ಸಾಲಿ ಸುದ್ದಾ ಒಳಗ ಒಂದು ಖೋಲ್ಯಾಗ ನಡೀತಿತ್ತು, ಮುತ್ತಿಗಿ ಎಷ್ಟು ದಿನ ಅಂತ ಯಾರಿಗೆ ಗೊತ್ತು. ವಿಸ್ಕ್ರಿ ಅನ್ನೂ ಊರಾಗ ಕೋಟಿ ಬುರುಜಿಗೆ "ಕೊಬ್ಬಿನ ಬುರುಜು" ಅಂತನ ಹೆಸರು. ಹಂದಿ ಕೊಬ್ಬಿನ ಹಾಳಿ ಅಲ್ಲಿ ತೂಗಹಾಕತಿದ್ರು, ಯಾರದು ಯಾವುದು ಅಂತ ಮುದ್ರಿ ಒತ್ತಿ. ದಿರ್ಜಿವ್ ಊರಾಗ ಕಾಳು ಕೋಟಿ ಗೋಡಿಗೆ ಹಚ್ಚಿ ಇಡೂ ಪದ್ಧತಿ ನಮ್ಮ ಕಾಲದ ತನಕಾ ಬಂತು.

ಈಗ ನಮ್ಮ ಕಡಿದು. ನಮ್ಮ ಹಳ್ಯಾಗ ಅದಕ್ಕ ಸಮ ಅಂದ್ರ ಹಗೇವು, ನೆಲದಾಗ ಕಾಳು ಇಡೂ ಕುಣಿ. ಇದನ್ನ ಮಾಡೆಲ್ ಮಾಡೂ ಮಂದಿ ಎಲ್ಲಾರೂ ಮರೀತಾರ, ಯಾಕಂದ್ರ ಅದು ಕಣ್ಣಿಗೆ ಕಾಣಂಗಿಲ್ಲ. ಕಾಣಬಾರದು ಅಂತನ ಅದನ್ನ ತೋಡೂದು. ಊರಾಗಿನ ದಿನ್ನಿ ನೆಲ ನೋಡಿ, ಗರಸು (ಹರಳಿನ ಗಟ್ಟಿ ನೆಲ) ಹತ್ತೂ ಜಾಗಾದಾಗ, ಬಾಯಿ ಸಣ್ಣದು ಹೊಟ್ಟಿ ದೊಡ್ಡದು, ಕೊಡ ಇದ್ದಂಗ ತೋಡ್ತಾರ. ಒಳಮೈಗೆ ಒಣಾ ಹುಲ್ಲು, ಸಪ್ಪಿ ಒತ್ತಿ ಕಟ್ಟಿ, ಒಣಗಿದ ಜ್ವಾಳ ತುಂಬಿ, ಮ್ಯಾಲ ಮತ್ತ ಹುಲ್ಲು, ಅದರ ಮ್ಯಾಲ ಹಾಸಗಲ್ಲು, ಅದರ ಮ್ಯಾಲ ಕೆಸರು ಮೆತ್ತಿ ನೆಲದ ಸಮ ಮಾಡ್ತಾರ. ಒಳಗಿನ ಗಾಳಿ ಕಾಳೇ ಉಸಿರಾಡಿ ಖಾಲಿ ಮಾಡ್ತದ, ಹುಳ ಇದ್ರ ಉಸಿರುಗಟ್ಟಿ ಸಾಯ್ತದ. ಅದಕ್ಕ ವರ್ಷಾನುಗಟ್ಲೆ ಕೆಡಂಗಿಲ್ಲ. ದಂಡು ಬಂದು ಊರು ಸುಟ್ಟು ಹೋದ್ರೂ ನೆಲದಾಗಿನ ಜ್ವಾಳ ಸುಡಂಗಿಲ್ಲ.

ಅದೇ ಗುಣ ಆಳಿಗೆ ಗಂಡಾಂತರ. ಹಗೇವು ತಗದ ಕೂಡ್ಲೇ ಯಾರೂ ಇಳೀಬಾರದು. ಒಳಗ ಕೆಟ್ಟ ಗಾಳಿ ತುಂಬಿರ್ತದ, ವಾಸನಿ ಇರಂಗಿಲ್ಲ, ಇಳಿದವ ಹಂಗ ಕುಸೀತಾನ, ಅವನ್ನ ಎತ್ತಾಕ ಹೋದವನೂ ಅಲ್ಲೇ. ಬಾಯಿ ತಗದು ಪೂರ್ತಿ ಗಾಳಿ ಆಡಾಕ ಬಿಟ್ಟು, ಹಗ್ಗಕ್ಕ ಕಂದೀಲ ಕಟ್ಟಿ ಕೆಳಗ ಬಿಡಬೇಕು. ಆರಿತಂದ್ರ ಇಳೀಬ್ಯಾಡ್ರಿ. ಆರಲಿಲ್ಲ ಅಂದ್ರೂ ನಡಾಕ ಹಗ್ಗ, ಮ್ಯಾಲ ಇಬ್ಬರು ಇರ್ಬೇಕು.

ಪ್ರೇಜ್ಮೆರ್‌ದಾಗ ನೆಲದಾಗ ಯಾಕ ಹೂಳಲಿಲ್ಲ ಅಂದ್ರ ಆ ನೆಲ ಸಪಾಟು, ತೇವದ್ದು, ತೋಡಿದ್ರ ನೀರು. ನಮಗ ಮಳಿ ಕಡಿಮಿ, ಗರಸು ಒಣ. ಅವ್ರು ಕಾಳು ಮ್ಯಾಲ ಏರಿಸಿದ್ರು, ನಾವು ಕೆಳಗ ಇಳಿಸಿದ್ವಿ. ನಿಮ್ಮ ಮಾಡೆಲ್ ಹಲಗಿ ಅಂಚಿನಾಗ ನೆಲ ಸೀಳಿ ಒಂದು ಹಗೇವು ತೋರಿಸ್ರಿ. 1:100ಕ್ಕ ಅದು ಮೂರು ನಾಕು ಸೆಂ.ಮೀ. ಆಗ್ತದ, ಹಲಗಿ ದಪ್ಪ ಸಾಲದಿದ್ರ ಥರ್ಮೋಕೋಲ್ ಎರಡು ಪದರ ಹಾಕ್ರಿ.

ಮಲಪ್ರಭಾ ದಂಡೆ

ಅಗಸಿ ಬಾಗಿಲು ಅವರ "ಗುಡಿ ಕೋಟೆ ಆಗಲೇ ಇಲ್ಲ" ಅನ್ನೋ ಮಾತು ನಿಲ್ಲಲ್ಲ. ಐಹೊಳೆಯಲ್ಲೇ ಉತ್ತರ ಇದೆ, ಬಾಗಲಕೋಟ ಜಿಲ್ಲೆಯಲ್ಲೇ.

ದುರ್ಗದ ಗುಡಿ. ಪ್ರವಾಸಿ ಬಸ್ಸುಗಳಿಂದ ಇಳಿಯೋರು ಅದನ್ನ ದುರ್ಗಾದೇವಿ ಗುಡಿ ಅಂದುಕೊಂಡು ಚಪ್ಪಲಿ ಬಿಡ್ತಾರೆ. ಆ ಹೆಸರಿನ ದುರ್ಗ ಅಂದರೆ ಕೋಟೆ. ಮೂಲ ದೇವರು ಸೂರ್ಯ, ಬಾಗಿಲ ಬಳಿಯ ಶಾಸನದಲ್ಲೇ ಆದಿತ್ಯ ಅಂತ ಇದೆ. ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿರೋ ಗಜಪೃಷ್ಠ ಕಟ್ಟಡ, ಸುತ್ತ ಕಂಬಸಾಲಿನ ಪ್ರದಕ್ಷಿಣೆ. ಚಾಲುಕ್ಯರು ಹೋಗಿ ಎಷ್ಟೋ ಶತಮಾನ ಆದ ಮೇಲೆ ಅದು ಊರ ಕೋಟೆ ಸಾಲಿಗೆ ಸಿಕ್ಕಿಕೊಂಡಿತು, ಮಾಳಿಗೆ ಮೇಲೆ ಕಾಡುಗಲ್ಲು ಪೇರಿಸಿ ಕಾವಲು ಕಟ್ಟೆ ಮಾಡಿಕೊಂಡರು. ಅಂದರೆ ಇದೂ ಗುಡಿಯೇ ಕೋಟೆಯಾದ ಕಥೆ. ಆದರೆ ಕಟ್ಟಿದವರು ಬೇರೆ, ಕೋಟೆ ಮಾಡಿಕೊಂಡವರು ಬೇರೆ. ಪ್ರೇಜ್ಮೆರಿನಲ್ಲಿ ಪೂಜೆ ಮಾಡೋ ಜನವೇ ಗೋಡೆ ಕಟ್ಟಿದ್ದು, ಗಂಟೆ ಬಾರಿಸೋ ಗೋಪುರವೇ ಕಾವಲು ಗೋಪುರ. ಇಲ್ಲಿ ಪೂಜೆ ನಿಂತ ಮೇಲೆ ಉಳಿದ ಎತ್ತರದ ಕಲ್ಲನ್ನ ಊರವರು ಬಳಸಿಕೊಂಡರು.

ಅಲ್ಲೇ ಗುಡ್ಡದ ಮೇಲೆ ಮೇಗುಟಿ ಬಸದಿ ಇದೆ, 634ನೇ ಇಸವಿ, ರವಿಕೀರ್ತಿ ಶಾಸನ ಇರೋದು ಅದರ ಗೋಡೆಯಲ್ಲೇ. ಅದರ ಸುತ್ತಲೂ ಕೋಟೆ ಗೋಡೆ ಓಡುತ್ತೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನ 1204ರಲ್ಲಿ ರಟ್ಟರ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ. ಒಳಛತ್ತಿನಿಂದ ಇಳಿಬಿದ್ದ ಕಮಲಕ್ಕೆ 72 ಎಸಳು, ಮೂರು ಕಾಲದ ಇಪ್ಪತ್ತನಾಲ್ಕು ತೀರ್ಥಂಕರರ ಲೆಕ್ಕ. ಅಂಥ ನಾಜೂಕಿನ ಕಟ್ಟಡಕ್ಕೆ ಕಂಡಿ ಕೊರೆದು ತೋಪು ಇಡೋ ಯೋಚನೆ ಯಾರಿಗೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ, ಸುತ್ತ ಕಂದಕ ಇತ್ತು. ಮಾಡೆಲ್ ಪಕ್ಕದ ಚೀಟಿಯಲ್ಲಿ ಇವನ್ನ ಒಂದೇ ಗಂಟಿಗೆ ಹಾಕಬೇಡಿ. ಕೋಟೆಯೊಳಗಿನ ಗುಡಿ ಒಂದು ಬಗೆ, ಕೋಟೆಗೆ ಸಿಕ್ಕಿಕೊಂಡ ಗುಡಿ ಇನ್ನೊಂದು. ತಾನೇ ಕೋಟೆಯಾದ ಚರ್ಚು ಮೂರನೇದು.

ಇನ್ನು ನಮ್ಮ ಗುಡಿ ಯಾಕೆ ಮೂರನೇ ಬಗೆ ಆಗಲಿಲ್ಲ? ಕಟ್ಟೋ ರೀತಿಯೇ ಅಡ್ಡ ಬರುತ್ತೆ. ಗೋಥಿಕ್ ಚರ್ಚಿಗೆ ಕಮಾನು, ಒಳಗೆ ಕಂಬ ಕಡಿಮೆ ಇರೋ ದೊಡ್ಡ ಹಜಾರ, ಮೇಲೆ ಮಾಡಿನಡಿ ಇನ್ನೊಂದು ಅಂತಸ್ತಿಗೆ ಜಾಗ. ನಮ್ಮದು ಕಂಬ, ತೊಲೆ, ಹಾಸುಗಲ್ಲು. ಕಲ್ಲು ತೊಲೆ ಬಾಗೋ ಭಾರ ತಾಳಲ್ಲ, ಹಾಗಾಗಿ ಕಂಬಗಳು ಒತ್ತೊತ್ತಾಗಿ ಬರ್ತವೆ. ಮುಖಮಂಟಪ ಮೂರೂ ಕಡೆ ಬಯಲು, ಗರ್ಭಗುಡಿ ನಾಲ್ಕು ಜನ ನಿಂತರೆ ತುಂಬುತ್ತೆ. ಊರಿಗೆ ಊರೇ ಒಳಗೆ ಸೇರೋ ಕಟ್ಟಡವೇ ಅಲ್ಲ ಅದು. ಇನ್ನೊಂದನ್ನೂ ಹೇಳಲೇಬೇಕು: ಸ್ಯಾಕ್ಸನ್ ಹಳ್ಳಿಯ ಅಷ್ಟೂ ಮನೆ ಒಂದೇ ಚರ್ಚಿಗೆ ಸೇರಿದ್ದವು. ನಮ್ಮ ಹಳ್ಳಿಯ ಎಲ್ಲ ಕೇರಿಗಳು ಒಂದೇ ಗುಡಿಯ ಅಂಗಳಕ್ಕೆ ಕಾಲಿಡೋ ಹಾಗಿರಲಿಲ್ಲ. ಹುಡೇವಿಗೆ ಅಷ್ಟು ಮಡಿ ಇಲ್ಲ.

ಹಳ್ಳಿ ಮಾಡೆಲಿಗೆ ಅಗಸಿ ಪಕ್ಕ ಒಂದೆರಡು ವೀರಗಲ್ಲು ಇಡಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನ ಹೊತ್ತೊಯ್ಯೋ ಅಪ್ಸರೆಯರು, ಮೇಲೆ ಲಿಂಗಪೂಜೆ. ತುರುಗೋಳು ಅಂದರೆ ದನ ಹೊಡಕೊಂಡು ಹೋಗೋದು, ಊರಳಿವು ಅಂದರೆ ಊರೇ ಹಾಳಾಗೋದು. ಮಧ್ಯಕಾಲದ ಕನ್ನಡ ಹಳ್ಳಿ ತನ್ನನ್ನ ತಾನು ಹೇಗೆ ಕಾಯ್ದುಕೊಂಡಿತು ಅನ್ನೋಕೆ ಕೊತ್ತಲಗಳಿಗಿಂತ ಹೆಚ್ಚು ಸಾಕ್ಷಿ ಇರೋದು ಆ ಕಲ್ಲುಗಳಲ್ಲೇ.

ಅಗಸಿ ಬಾಗಿಲು

ಒಪ್ಪಿದೆ, "ಆಗಲೇ ಇಲ್ಲ" ಅನ್ನೋದು ದುಡುಕು. "ಊರವರು ಬೇಕಂತ ಕಟ್ಟಿಕೊಳ್ಳಲಿಲ್ಲ" ಅಂತ ತಿದ್ದಿಕೊಳ್ಳಿ.

ಒಂದು ಸೇರಿಸ್ತೀನಿ. ಪ್ರೇಜ್ಮೆರ್ ಗೋಡೆ ಅಷ್ಟು ಕಾಲ ತಡೆದದ್ದಕ್ಕೆ ಎದುರಾಳಿ ಯಾರು ಅನ್ನೋದೂ ಕಾರಣ. ಬರ್ತಿದ್ದವರು ಬಹುಪಾಲು ಲೂಟಿಗೆ ಬಂದ ಹಗುರ ಸವಾರರು, ಭಾರಿ ತೋಪು ಎಳೆದು ತರ್ತಿರಲಿಲ್ಲ, ತಿಂಗಳುಗಟ್ಟಲೆ ಕೂರ್ತಿರಲಿಲ್ಲ. ಅದು ಬಿದ್ದದ್ದು ಒಮ್ಮೆ ಮಾತ್ರ, 1611ರಲ್ಲಿ, ಟ್ರಾನ್ಸಿಲ್ವೇನಿಯಾದ ರಾಜಕುಮಾರ ಗಾಬ್ರಿಯೆಲ್ ಬಾಥೊರಿಯ ಕೈಗೆ. ನಿಜವಾದ ದಂಡು ಬಂದರೆ ಗೋಡೆಯ ಗತಿ ಬೇರೆ. ಬೆಳಗಾವಿ ಕೋಟೆಗೆ 1473ರ ಸುಮಾರಿಗೆ ಬಹಮನಿ ವಜೀರ ಮಹಮೂದ್ ಗವಾನ್ ಮುತ್ತಿಗೆ ಹಾಕಿದಾಗ ಗೋಡೆ ಬುಡಕ್ಕೆ ಸುರಂಗ ತೋಡಿ ಮದ್ದು ಸಿಡಿಸಿದ. 1565ರಲ್ಲಿ ವಿಜಯಪುರದ ಊರಗೋಡೆ ಮುಗಿಯೋ ಹೊತ್ತಿಗೆ ಸುತ್ತಳತೆ 10 ಕಿ.ಮೀ., ಕೊತ್ತಲ 96. ಅದು ತೋಪಿನ ಕಾಲದ ಲೆಕ್ಕ. ಹಳ್ಳಿ ಹುಡೇವು ಆ ಆಟಕ್ಕೆ ಇಳಿಯೋದಲ್ಲ. ಪಿಂಡಾರಿಗಳಂಥ ಲೂಟಿಕೋರರನ್ನ ಒಂದು ರಾತ್ರಿ ತಡೆದರೆ ಅದರ ಕೆಲಸ ಆಯ್ತು. 1818ರ ನಂತರ ಪಿಂಡಾರಿ ಕಾಟ ತಗ್ಗಿತು, ಊರಗೋಡೆ ಬೇಡವಾಯ್ತು. ಹಾಳುಮಣ್ಣು ಒಳ್ಳೇ ಗೊಬ್ಬರ ಅಂತ ಜನ ಬಂಡಿಗಟ್ಟಲೆ ಹೊಲಕ್ಕೆ ಹೇರಿದರು. ನಿಮ್ಮ ಮಾಡೆಲಿನ ಊರಗೋಡೆಯನ್ನ ಅರ್ಧ ಬಿದ್ದ ಹಾಗೆ ಮಾಡಿದರೆ ಅದಕ್ಕೂ ಕಾರಣ ಇದೆ.

ಕಲ್ಲುಪುಡಿ

ಹುಡೇವು ಹೇಗೆ ಬೀಳುತ್ತೆ ಅನ್ನೋದನ್ನೂ ತೋರಿಸಬೇಕಲ್ಲ ಹಾಗಾದರೆ. ಒಂದು ಕಡೆ ಹೊಟ್ಟೆ ಬಂದ ಹಾಗೆ ಉಬ್ಬಿರೋ ಹುಡೇವುಗಳು ಬಹಳ ಕಡೆ ಕಾಣ್ತವೆ. ಪಾಯ ಕುಸಿದದ್ದಾ?

ಗಚ್ಚುಗಾರೆ

ಪಾಯ ಕುಸಿದರೆ ಬಿರುಕು ಬುಡದಿಂದ ಮೇಲಕ್ಕೆ ಓರೆಯಾಗಿ ಹೋಗುತ್ತೆ. ಎರೆ ನೆಲದಲ್ಲಿ ಇದು ಮಾಮೂಲು, ಮಳೆಗೆ ಉಬ್ಬಿ ಬೇಸಿಗೆಗೆ ಕೈ ಹೋಗುವಷ್ಟು ಬಿರಿಯೋ ಮಣ್ಣು ಅದು, ಪಾಯ ಗರಸಿನ ತನಕ ಹೋಗಿಲ್ಲ ಅಂದರೆ ಗೋಡೆ ವರ್ಷವೂ ಮೇಲೆ ಕೆಳಗೆ ಆಡುತ್ತೆ. ನಡುಮಟ್ಟದಲ್ಲಿ ಹೊಟ್ಟೆ ಬಂದಿದ್ದರೆ ಕಾರಣ ಬೇರೆ, ಅಪರಾಧಿ ನೆತ್ತಿಯಲ್ಲಿದ್ದಾನೆ. ಹುಡೇವಿಗೆ ಹೊರಗೆ ಕಲ್ಲಿನ ಚರ್ಮ, ಒಳಗೆ ಮಣ್ಣು ಹರಳಿನ ತುಂಬು. ನೆತ್ತಿಯ ಗಚ್ಚು ಒಡೆದು ಮಳೆ ನೀರು ಒಳಗಿಳಿದರೆ ತುಂಬು ನೆನೆದು ಕೆಳಗೆ ಕೂರುತ್ತೆ, ಪಕ್ಕಕ್ಕೆ ಒತ್ತುತ್ತೆ. ಚರ್ಮಕ್ಕೂ ತುಂಬಿಗೂ ಬೆಸುಗೆ ಹಾಕೋ ಉದ್ದನೆ ಬಂಧಕಲ್ಲು ಮೂರು ನಾಲ್ಕು ಅಡಿಗೊಂದು ಇರಬೇಕು. ಅದನ್ನ ಹಾಕದೆ ಬಿಟ್ಟ ಕಡೆಯೇ ಹೊಟ್ಟೆ ಬರೋದು. ಒಂದು ಮಳೆಗಾಲ ಹೊಟ್ಟೆ, ಮುಂದಿನದಕ್ಕೆ ಚರ್ಮ ಹಾಳೆ ಥರ ಕಳಚಿ ಬೀಳುತ್ತೆ.

ಟ್ರಾನ್ಸಿಲ್ವೇನಿಯಾದಲ್ಲೂ ಇದೇ ಕಥೆ. ಅಲ್ಲಿ ಗೋಡೆ ನೆತ್ತಿಗೆ ಹಂಚಿನ ಮಾಡು ಇರೋದು ಅಂದಕ್ಕಲ್ಲ. 1990ರ ಸುಮಾರಿಗೆ ಸ್ಯಾಕ್ಸನ್ನರಲ್ಲಿ ಬಹುಪಾಲು ಜನ ಜರ್ಮನಿಗೆ ಹೋದರು. ವರ್ಷಕ್ಕೊಮ್ಮೆ ಏಣಿ ಹಾಕಿ ಒಡೆದ ಹಂಚು ಬದಲಿಸೋ ಕೈಗಳೇ ಅನೇಕ ಊರಲ್ಲಿ ಇಲ್ಲವಾದವು. 2016ರ ಫೆಬ್ರುವರಿಯಲ್ಲಿ ರೋಟ್‌ಬಾವ್ ಊರಿನ ಚರ್ಚು ಗೋಪುರ ಕುಸಿದು ಬಿತ್ತು. ಯುನೆಸ್ಕೊ ಪಟ್ಟಿಯಲ್ಲಿ ಇರೋದು ಏಳೇ ಹಳ್ಳಿ, ಬ್ಯೆರ್ತಾನ್ 1993ರಲ್ಲಿ, ಪ್ರೇಜ್ಮೆರ್ ಸೇರಿ ಉಳಿದವು 1999ರಲ್ಲಿ. ಕೋಟೆ ಚರ್ಚುಗಳು ನೂರೈವತ್ತಕ್ಕೂ ಹೆಚ್ಚು ಉಳಿದಿವೆ. ಪಟ್ಟಿಯ ಹೊರಗಿನವೇ ಜಾಸ್ತಿ ಸೋರೋದು.

ದುರಸ್ತಿ ಹೆಸರಲ್ಲಿ ಕೆಡಿಸೋದೂ ಎರಡೂ ಕಡೆ ಒಂದೇ ಬಗೆ: ಸಿಮೆಂಟ್. ಸುಣ್ಣದ ಸಂದಿನಲ್ಲಿ ಗೋಡೆ ಉಸಿರಾಡುತ್ತೆ, ಒಳಗಿನ ತೇವ ಸಂದಿನಿಂದ ಹೊರಗೆ ಬರುತ್ತೆ. ಸಂದಿಗೆ ಸಿಮೆಂಟ್ ತುಂಬಿದರೆ ತೇವ ಕಲ್ಲಿನ ಮೈಯಿಂದಲೇ ಬರಬೇಕು, ಜೊತೆಗೆ ಉಪ್ಪೂ ಬರುತ್ತೆ. ಉಪ್ಪು ಕಲ್ಲಿನ ಮೇಲ್ಮೈಯೊಳಗೆ ಹರಳುಗಟ್ಟಿ ಪದರ ಪದರ ಎಬ್ಬಿಸುತ್ತೆ. ಬಾದಾಮಿ ಐಹೊಳೆಯ ಮರಳುಗಲ್ಲು ಮೆತ್ತಗಿನದು, ಸಂದಿನ ಸಿಮೆಂಟ್ ಗಟ್ಟಿಯಾಗಿ ಚಾಚಿಕೊಂಡು ನಿಂತು ಕಲ್ಲೇ ಒಳಗೆ ಸವೆದುಹೋಗುತ್ತೆ. ಕಲ್ಲಿಗಿಂತ ಸಂದು ಮೆತ್ತಗಿರಬೇಕು. ಹಾಳಾಗೋದಿದ್ದರೆ ಸಂದು ಹಾಳಾಗಲಿ, ಅದನ್ನ ಮತ್ತೆ ತುಂಬಬಹುದು.

ಅಳತೆ ಬೇಕಾದರೆ: ನೀರಲ್ಲಿ ಅರಳಿಸಿ ಕನಿಷ್ಠ ಮೂರು ವಾರ ನೀರಡಿ ಇಟ್ಟ ಸುಣ್ಣದ ಮುದ್ದೆ ಒಂದು ಪಾಲು, ತೊಳೆದ ಒರಟು ಮರಳು ಮೂರು ಪಾಲು, ಬೇಗ ಗಟ್ಟಿಯಾಗಬೇಕಂದರೆ ಮರಳಿನಲ್ಲಿ ಒಂದಷ್ಟು ಕಡಿಮೆ ಮಾಡಿ ಸುರ್ಕಿ (ಇಟ್ಟಿಗೆ ಪುಡಿ). ಹಳೇ ಸಂದನ್ನ ಅದರ ಅಗಲದ ಎರಡರಷ್ಟು ಆಳ ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿ ತುಂಬಬೇಕು. ಆಮೇಲೆ ವಾರಕ್ಕೂ ಮೇಲೆ ತೇವದ ಗೋಣಿ ಹೊದಿಸಿರಬೇಕು. ಏಪ್ರಿಲ್ ಬಿಸಿಲಲ್ಲಿ ಈ ಕೆಲಸ ಮಾಡಿದರೆ ಸುಣ್ಣ ಗಟ್ಟಿಯಾಗೋ ಮೊದಲೇ ಒಣಗಿ ಪುಡಿಪುಡಿ. ಅಲ್ಲಿನವರಿಗೆ ಹೆದರಿಕೆ ಹಿಮದ್ದು, ನಮಗೆ ಬಿಸಿಲಿನದು.

ನೆತ್ತಿಯಲ್ಲಿ ಅರಳಿ ಸಸಿ ಹುಟ್ಟಿದ್ದರೆ ಕೈಯಿಂದ ಕೀಳಬೇಡಿ, ಬೇರು ಸಂದಿನ ಕಲ್ಲನ್ನೂ ಕಿತ್ತುಕೊಂಡು ಬರುತ್ತೆ. ಬುಡಕ್ಕೆ ಕೊಯ್ದು, ಬೇರು ಒಣಗಿದ ಮೇಲೆ ಬಿಡಿಸಿ ಸುಣ್ಣದ ಗಾರೆ ತುಂಬೋದು.

ಕಲ್ಲುಪುಡಿ

ಹಾಗಾದರೆ ಹುಡೇವು ಹೊಟ್ಟೆ ಬಂದದ್ದು, ಒಂದು ಪಕ್ಕ ಚರ್ಮ ಕಳಚಿ ತುಂಬು ಕಾಣೋದು. ಅಗಸಿ ಪಕ್ಕ ವೀರಗಲ್ಲು, ಹಲಗೆ ಅಂಚಲ್ಲಿ ಹಗೇವು. ಪ್ರೇಜ್ಮೆರ್ ಬಣ್ಣ ಬಿಳಿಯೇ ತಾನೆ? ಮೂಲೆ ಅಂಗಡಿಯಲ್ಲಿ ಡಿಸ್ಟೆಂಪರ್ ಸಿಗುತ್ತೆ.

ಗಚ್ಚುಗಾರೆ

ಬಿಳಿಯೇ, ಸುಣ್ಣದ ಗಿಲಾವು. ಆದರೆ ಡಿಸ್ಟೆಂಪರ್ ಹಾಲಿನಷ್ಟು ಬೆಳ್ಳಗೆ, ನಯವಾಗಿ ಕೂರುತ್ತೆ, ನೋಡೋಕೆ ಬಾತ್‌ರೂಮ್ ಗೋಡೆ. ಎಲೆಗೆ ಹಚ್ಚೋ ಸುಣ್ಣ ತಗೊಂಡು ತೆಳುವಾಗಿ ಕದಡಿ ಮೂರು ಕೈ ಹೊಡೆಯಿರಿ, ಪ್ರತಿ ಕೈ ಪೂರ್ತಿ ಒಣಗಿದ ಮೇಲೆ ಮುಂದಿನದು. ಕೆಳಗಿನ ಒಂದು ಸೆಂ.ಮೀ.ಗೆ ಚಹಾ ಡಿಕಾಕ್ಷನ್ ಮುಟ್ಟಿಸಿ, ನೆಲದ ತೇವ ಏರಿದ ಕಲೆ ಹಾಗೇ ಇರುತ್ತೆ. ಥರ್ಮೋಕೋಲ್ ಮೇಲೆ ಸುಣ್ಣ ನಿಲ್ಲಲ್ಲ, ಮೊದಲು ಹಳೇ ಪೇಪರ್ ತುಂಡು ಫೆವಿಕಾಲಿನಲ್ಲಿ ಅಂಟಿಸಿ.